ಬುಧವಾರ ಬನ್ನಿ, ಮಿಸ್

ಶನಿವಾರ ಬೇಡ, ಹೊಂಬಾಳಮ್ಮ ಮಿಸ್.
ಶನಿವಾರ ಅಂದ್ರೆ ಮದುವೆ ಹೆಣ್ಣುಗಳು,
ಅವರ ಚಿಕ್ಕಮ್ಮಂದಿರು, ಮೆಹಂದಿಯವಳು, ಅಳೋ ಮಗು ಒಂದು.
ಬುಧವಾರ ಬನ್ನಿ, ಊಟ ಆದ ಮೇಲೆ.
ಮಂಡ್ಯದ ಗುತ್ತಲು ರಸ್ತೆ, ಗೊಬ್ಬರದ ಅಂಗಡಿ ಮೇಲಿನ ಮಹಡಿ.
ಫೋನಲ್ಲಿ ನಿಮ್ಮ ದನಿ ಕೇಳಿದ್ದೇ
ಯಾರದೋ ಪಾದ ಕೈಯಲ್ಲಿದ್ದಂಗೇ
ಎದ್ದು ನಿಂತ್ಬುಟ್ಟೆ.

ನನ್ನ ಎದೆ ಮೇಲಿನ ಬಿಲ್ಲೇಲಿ ಶೈನಾ ಅಂತಿದೆ,
ಓನರ್ ಇಟ್ಟಿದ್ದು. ನೀವು ಚೆಲುವಮ್ಮ ಅಂತ್ಲೇ ಕೇಳಿ,
ಎಂಟನೇ ಕ್ಲಾಸ್ ಸಿ ಸೆಕ್ಷನ್,
ನೀರುಗಂಟಿ ಬೋರಯ್ಯನ ಮಗಳು.

ಏನೇನು ತಿಳ್ಕಂಡು ಬರಬೇಕೇ ಅಂದ್ರಲ್ಲ,
ಮೊದಲು ಶುಗರ್. ಇದ್ರೆ ಮುಚ್ಚಿಡಬೇಡಿ.
ಈ ಊರಲ್ಲಿ ಅದಕ್ಕೇನು ನಾಚಿಕೆ,
ಕಾರ್ಖಾನೆ ಕಬ್ಬು ಅರೆಯೋ ದಿನ ಗಾಳಿಯೇ ಸಿಹಿ.
ಕಣ್ಮುಚ್ಕಂಡು ಕೂತು
ಮೊಮ್ಮಗನ ಕೈಲಿ ಹತ್ತಿಬತ್ತಿ ಆಡಿಸಿ ಕಾಲ ಬೆರಳಿಗೆ.
ಮುಟ್ಟಿದ್ದು ತಿಳೀಲಿಲ್ಲ ಅಂದ್ರೆ
ಮೊದಲು ಡಾಕ್ಟರು, ಆಮೇಲೆ ನಾನು.
ಗಾಯ ಇದ್ರೆ, ಬೆರಳ ಸಂದೀಲಿ ಬಿಳಿ ಸಿಪ್ಪೆ ಎದ್ದಿದ್ರೆ
ಅವತ್ತು ಬರಲೇಬೇಡಿ.
ನಿಮಗೂ ಕಷ್ಟ, ನಿಮ್ಮಾದ ಮೇಲೆ ಕೂರೋರಿಗೂ.

ಕೂತ ಕೂಡಲೇ ಕೇಳಿ: ಹತ್ಯಾರ ಕುದಿಸಿದ್ದೀರಾ?
ಟಬ್ಬಿಗೆ ಹೊಸ ಪ್ಲಾಸ್ಟಿಕ್ ಹಾಸಿದ್ದೀರಾ?
ಅದೇ ಗ್ರೌಂಡಿನ ದನೀಲಿ ಕೇಳಿ.
ಓನರ್ ಮುಖ ಊದಿಸ್ಕತಾಳೆ. ಊದಿಸ್ಕಳ್ಳಲಿ.
ನಾನು ಹೇಳಿ ಹೇಳಿ ಸೋತೆ.
ಗಿರಾಕಿ ಬಾಯಲ್ಲಿ ಬಂದ್ರೆ ಮಾತ್ರ ಸ್ಟೋವ್ ಹತ್ತುತ್ತೆ.

ಹಿಮ್ಮಡಿಗೆ ಬ್ಲೇಡ್ ತಂದ್ರೆ ಕಾಲು ಎಳ್ಕಳ್ಳಿ,
ಕೆತ್ತಿದಷ್ಟೂ ದಪ್ಪ ಬೆಳೆಯುತ್ತೆ, ಬೈದಷ್ಟೂ ಹಟ ಮಾಡೋ ಮಕ್ಕಳ ಥರ.
ನಾನು ಕಲ್ಲಲ್ಲೇ ಉಜ್ತೀನಿ, ನಿಧಾನಕ್ಕೆ.
ಚಾಕೊಲೇಟ್ ಪ್ಯಾಕ್ ಸಾವಿರದಿನ್ನೂರು ಅಂತಾರೆ, ಬೇಡ ಅನ್ನಿ.
ಐನೂರರದ್ದು ಸಾಕು.
ಅದರಲ್ಲೇ ಸಕ್ಕರೆ ಹಾಕಿ ಉಜ್ಜೋದೂ ಬರುತ್ತೆ.
ನಗಬೇಡಿ. ಬಾಯಿಗೆ ಹಾಕಬಾರದ್ದು
ಕಾಲಿಗಾದ್ರೂ ಸಿಗಲಿ.

ನಿಮ್ಮ ಬಿಳಿ ಕ್ಯಾನ್ವಾಸ್ ಶೂ ಬೇಡ,
ಬೆರಳು ಕಾಣೋ ಚಪ್ಪಲಿ ಹಾಕ್ಕಂಡು ಬನ್ನಿ.
ಕಾಲುಂಗುರ ಬರ್ತಿಲ್ಲ ಅಂತ ಎಳೆದಾಡಬೇಡಿ, ನನ್ನತ್ರ ಎಣ್ಣೆ ಇದೆ.
ಅದರಡೀಲಿ ಬಿಸಿಲೇ ಕಾಣದ ಒಂದು ಸುತ್ತು ಚರ್ಮ ಇರುತ್ತೆ,
ಎಷ್ಟೇ ವಯಸ್ಸಾಗಿರಲಿ,
ಮದುವೆ ದಿನದ್ದು, ಇನ್ನೂ ಹುಡುಗೀದು.

ಮತ್ತೆ, ಎಲ್ಲರೂ ಮನೇಲೇ ಉಜ್ಜಿ, ಉಗುರು ಕತ್ತರಿಸಿ
ಒಪ್ಪ ಮಾಡ್ಕಂಡು ಬರ್ತಾರೆ. ನೀವು ಮಾಡಬೇಡಿ.
ನನಗೂ ಏನಾದ್ರೂ ಉಳಿಸಿ.
ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಾಲು ನಿಲ್ಲಿಸ್ತಿದ್ರಿ,
ಕೈ ಮುಂದೆ, ಉಗುರು ಮೇಲೆ. ಆಮೇಲೆ ಕಾಲು.
ಅಪ್ಪನ ಜೊತೆ ತೂಬು ತಿರುಗಿಸಿ ಓಡಿಬಂದ ಕಾಲು ನಂದು.
ಮರದ ಸ್ಕೇಲಲ್ಲಿ ಎರಡು, ಗೆಣ್ಣಿನ ಮೇಲೆ.
ಏಟು ಮರ್ತೋಗಿದೆ.
ಸಾಲಿಗೆ ಸಾಲೇ ಬಗ್ಗಿ ನನ್ನ ಕಾಲು ನೋಡಿದ್ದು ಮರ್ತಿಲ್ಲ.

ಈಗ ದಿನಕ್ಕೆ ಹತ್ತು ಜನ ಬರ್ತಾರೆ,
ಕೂರೋ ಮುಂಚೆ ಎಲ್ಲರದೂ ಒಂದೇ ಮಾತು,
‘ನನ್ನ ಕಾಲು ಚೆನ್ನಾಗಿಲ್ಲಮ್ಮ.’
ತಹಶೀಲ್ದಾರರ ಹೆಂಡತೀನೂ ಅಂದ್ರು.
ನೀವೂ ಅದನ್ನೇ ಅಂದ್ರಿ, ದನಿ ತಗ್ಗಿಸಿ.
ಹೆಬ್ಬೆರಳ ಕರಿ ಉಗುರು ತಾನೇ? ನನಗೆ ಗೊತ್ತು ಅದು,
ಲಾಂಗ್ ಜಂಪ್ ಗುಂಡಿ ಅಂಚಿಗೆ ತಾಗಿದ್ದು.
ಆವತ್ತು ಕುಂಟ್ಕಂಡೇ
ನಾನು ಹಾರಿದ ದೂರ ಅಳೆದ್ರಿ, ಟೇಪು ಹಿಡ್ಕಂಡು,
ಎರಡು ಸಲ.

ನೀರು ಎಷ್ಟು ಬಿಸಿ ಅಂತ ಕಾಲು ಇಟ್ಟು ನೋಡಬೇಡಿ.
ನಾನು ಮೊಣಕೈ ಅದ್ದಿ ನೋಡ್ತೀನಿ,
ಬಾಣಂತಿ ಮನೇಲಿ ಮಗೂಗೆ ನೋಡ್ತಾರಲ್ಲ, ಹಂಗೆ.
ಬಣ್ಣ ಒಣಗೋಕೆ ಅರ್ಧ ಗಂಟೆ ಬೇಕು,
ಅಲುಗಾಡೋ ಹಂಗಿಲ್ಲ.
ವಿಶ್ರಾಮ್ ಅಂತ ನಿಮಗೆ ಹೇಳೋಕೆ ಧೈರ್ಯ ಸಾಲ್ದು,
ಸುಮ್ನೆ ಕೂತಿರಿ, ಟೀ ತರಿಸ್ತೀನಿ, ಸಕ್ಕರೆ ಇಲ್ದೆ.

ಆಂ, ಬಾಗಿಲು.
ತಳ್ಳಿ ಅಂತ ಬರೆದಿದೆ, ತಪ್ಪು ಅದು.
ಎಳೀಬೇಕು.