ಪಕ್ಕದ ಮನೆಯ ಒಂದು

ನಾಳೆ ಹನ್ನೊಂದಕ್ಕೆ. ಇಪ್ಪತ್ತು ನಿಮಿಷ.
ಹತ್ತು ಅವರ ಪ್ರಶ್ನೆಗೆ, ಹತ್ತು ನನ್ನ ಪಾಠಕ್ಕೆ.
ಎರಡನೇ ತರಗತಿ, ಕಳೆಯುವ ಲೆಕ್ಕ.
ಪಾಠ ಕೇಳಲು ಮಗು ಇರುವುದಿಲ್ಲವಂತೆ,
ಇದೆ ಅಂದುಕೊಂಡು ಮಾಡಬೇಕಂತೆ.

ಅರ್ಜಿಯಲ್ಲಿ ಕೊನೆಯ ಹೆಸರಿಗೊಂದು ಚೌಕ.
ಒಂದೇ ಅಕ್ಷರ ಹಾಕಿದರೆ ಕೆಂಪಗಾಗುತ್ತಿತ್ತು.
ನಲವತ್ತು ವರ್ಷ ಖಮರುನ್ನೀಸಾಳ ಹಿಂದೆ
ಬರೀ 'ಬಿ' ಆಗಿ ನಿಂತಿದ್ದ ಅಬ್ಬಾನನ್ನು
ಬಿಡಿಸಿ ಬರೆದೆ: ಬುಡೇನ್‌ಸಾಬ್.
ಚೌಕ ಹಸಿರಾಯಿತು.
ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಮಗುಚಿ
ಹುಬ್ಬು ಸುಟ್ಟುಕೊಂಡಿದ್ದ ಮನುಷ್ಯ
ಸತ್ತು ಒಂಬತ್ತು ವರ್ಷವಾದ ಮೇಲೆ
ಯಾವುದೋ ಊರಿನ ಕಂಪ್ಯೂಟರಿನಲ್ಲಿ ಪಾಸಾದ.

ಹೊಗೆ ಹಿಡಿದ ಗೋಡೆ ಕಾಣಬಾರದೆಂದು
ಗಿರಿಜಕ್ಕನ ಬೆಡ್‌ಶೀಟು ಕಟ್ಟಿದ್ದೇನೆ.
ಅದರ ನವಿಲು ನನ್ನ ಕಿವಿಯಿಂದಲೇ ಹೊರಟಂತೆ ಕಂಡಿತು;
ಒಂದು ಗೇಣು ಎಡಕ್ಕೆ ಸರಿದು ಕೂತೆ.
ಮೊಬೈಲು ಒರಗಿಸಲು ಸೇರು ಬೋರಲು, ಅದರ ಮೇಲೆ ಪಾವು.
ಇಯರ್‌ಫೋನು ತಂಗಿ ಮಗ ಜಬೀವುಲ್ಲಾನದು,
ಎಡಗಿವಿಗೆ ಮಾತ್ರ ಕೇಳುತ್ತದೆ.
ವೈಫೈ ಎದುರುಮನೆ ನಾಗರತ್ನಮ್ಮನದು.
ಪಾಸ್‌ವರ್ಡ್ ಹೇಳಲ್ಲ, ಫೋನ್ ತಾ ಇಲ್ಲಿ ಅಂದವಳು
ಬೆನ್ನು ತಿರುಗಿಸಿ ಒಂದೊಂದೇ ಅಕ್ಷರ ಒತ್ತಿದಳು.
ಅವಳ ತುಟಿ ಕನ್ನಡಿಯಲ್ಲಿ ಕಂಡಿತು:
ಮಾತು ಬಿಟ್ಟ ಮಗಳ ಹೆಸರು.

ನಿಮ್ಮ ಬಗ್ಗೆ ಹೇಳಿ, ಅನ್ನುತ್ತಾರಂತೆ ಮೊದಲಿಗೇ.
ಉರ್ದುವಿನಲ್ಲಿ ಹೆದರಿ, ಕನ್ನಡದಲ್ಲಿ ಯೋಚಿಸಿ,
ಇಂಗ್ಲಿಷಿನಲ್ಲಿ ನಗುವುದನ್ನು
ರೂಢಿ ಮಾಡುತ್ತಿದ್ದೇನೆ ಮೂರು ದಿನದಿಂದ.
ಶಾಲೆ ಯಾಕೆ ಬಿಟ್ಟಿರಿ ಅಂದರೆ?
ನಾನೆಲ್ಲಿ ಬಿಟ್ಟೆ. ನಲವತ್ತು ಮಕ್ಕಳಿದ್ದರು,
ಹದಿನೇಳಾದರು, ಆಮೇಲೆ ಆರು.
ಬೀಗ ಹಾಕಿದ ದಿನ ಹೆಡ್ಮಾಸ್ಟರು
ಬಾಕಿ ಸಂಬಳದ ಮಾತೆತ್ತದೆ
ಸೀಮೆಸುಣ್ಣದ ಡಬ್ಬಿಯೊಂದನ್ನು ನನ್ನ ಚೀಲಕ್ಕೆ ಹಾಕಿದರು.
ಇದನ್ನು ಇಂಗ್ಲಿಷಿನಲ್ಲಿ ಹೇಳಬಾರದು.

ಈಗ ಪಾಠ. ಐವತ್ತೆರಡರಲ್ಲಿ ಹದಿನೇಳು.
ಎರಡರಲ್ಲಿ ಏಳು ಹೋಗುತ್ತಾ? ಹೋಗಲ್ಲ.
ಹೋಗದಿದ್ದರೆ ಪಕ್ಕದ ಮನೆಯಿಂದ ಒಂದು ಕಡ ತಾ.
ಅಲ್ಲಿ ಐದಿತ್ತು, ನಾಲ್ಕಾಯಿತು.
ಇಲ್ಲಿಗೆ ಬರುವಷ್ಟರಲ್ಲಿ ಆ ಒಂದು ಹತ್ತಾಗಿದೆ.
ದಾರಿಯಲ್ಲಿ ಹೇಗೆ ಹತ್ತಾಯಿತು? ಅದೇ ಪಾಠ.
ಇಲ್ಲಿ ಕ್ಯಾಮೆರಾದ ಕಪ್ಪು ಚುಕ್ಕೆ ನೋಡಿ ನಗಬೇಕು.

ಮೊದಲೆರಡು ಸಲ ಚುಕ್ಕೆಯಲ್ಲಿ ಯಾರೂ ಇರಲಿಲ್ಲ.
ಮೂರನೇ ಸಲ ಚೌಡೇಶ ಬಂದು ಕೂತ,
ಕಡೇ ಬೆಂಚಿನವನು, ಅಂಗಿಗೆ ಎರಡೇ ಗುಂಡಿ.
ಅವತ್ತು ಕೇಳಿದ್ದನ್ನೇ ಕೇಳಿದ:
ಮಿಸ್, ತಂದಿದ್ದು ವಾಪಸ್ ಯಾವಾಗ ಕೊಡಾದು?
ಲೆಕ್ಕದಲ್ಲಿ ಕೊಡೋದಿಲ್ಲ, ಕೂತ್ಕೋ ಅಂದಿದ್ದೆ.
ಕೂತಿದ್ದ. ಮೂವತ್ತೈದು ಅಂತ ಸರಿಯಾಗೇ ಬರೆದಿದ್ದ.
ಬರೆದು, ಆ ನಾಲ್ಕರ ತಲೆ ಮೇಲೊಂದು ಚುಕ್ಕೆಯಿಟ್ಟಿದ್ದ,
ಅವರಮ್ಮ ಅಂಗಡಿಯ ಉದ್ರಿ ಪುಸ್ತಕದಲ್ಲಿ ಇಡುವ ಹಾಗೆ.
ತಪ್ಪೆಂದು ಅದನ್ನು ಅಳಿಸಿದವಳು ನಾನು.

ಸಂಜೆ ಭಟ್ಟಿಯ ದಾದಾಪೀರ್ ಹತ್ತಿರ ಹೋಗಿದ್ದೆ.
ನಾಳೆ ಇಪ್ಪತ್ತು ನಿಮಿಷ ಸದ್ದು ನಿಲ್ಲಿಸುತ್ತೀಯಾ?
ಮರಳು ಆರಿದರೆ ನೀನು ಕಾಯಿಸ್ತೀಯೇನು ಅಂದ.
ಒಂದು ಚೀಲ ತುಂಬಿ, ಬಾಯಿ ಹೊಲಿದು,
ನನ್ನ ಮುಖ ನೋಡದೆ ಹೇಳಿದ: ಹತ್ತು.
ಹತ್ತೇ ಹತ್ತು, ಆಮೇಲೆ ಕೇಳಬೇಡ.

ಪ್ರಶ್ನೆಗಳು ಸದ್ದಿನಲ್ಲೇ ನಡೆಯಲಿ.
ಪಾಠಕ್ಕೆ ಹತ್ತು ಸಾಕು.

ರೈಲ್ವೆ ಗೇಟು ಬಿದ್ದ ಗಂಟೆ ಕೇಳಿತು.
ದೀಪ ಆರಿಸಬೇಕು, ಮೊಬೈಲು ಚಾರ್ಜಿಗೆ ಹಾಕಬೇಕು.
ಪಾಠದ ಹಾಳೆಯ ಹಿಂದೆ
ಗಿರಿಜಕ್ಕ ಎಂದು ಬರೆದು ಒಂದು ಚುಕ್ಕೆಯಿಟ್ಟೆ,
ಜಬೀವುಲ್ಲಾ, ನಾಗರತ್ನಮ್ಮ, ದಾದಾಪೀರ್.
ಚೌಡೇಶನ ಹೆಸರಿಗೆ ಏನಿಡುವುದೋ ತಿಳಿಯಲಿಲ್ಲ.
ಹೊತ್ತಾಯಿತು, ಮನೆಗೆ ಹೋಗೋ ಅಂದರೆ
ಹೋಗಲ್ಲ.