ತೊಟ್ಟು ಮುರಕೋತ

ಬ್ಯಾಡಗಿ ಗೋದಾಮಿನಾಗ ಮಧ್ಯಾಹ್ನದ ಘಾಟು.
ಮೆಣಸಿನಕಾಯಿ ಚೀಲಕ್ಕ ಆನಿಸಿ ಇಟ್ಟಾಳ
ಹಜರತಬಿ ತನ್ನ ಒಡಕ ಮೊಬೈಲು.
ಅದರಾಗ ಜಪಾನಿನ ಜಾಹೀರಾತು:

ಟೈ ಕಟ್ಟಿದ ಮುದುಕನೊಬ್ಬ ಮೊಣಕಾಲೂರಿ
ಮೂಲಂಗಿಗೆ ಮಾಫಿ ಕೇಳ್ತಾನ.
ಮೂಲಂಗಿ ಒಪ್ಪೂದಿಲ್ಲ.
ಬದನಿಕಾಯಿ ವೇಷದ ಮೂವರು ಬಂದು
ಕುಣಿದು, ನಡ ಬಗ್ಗಿಸಿ, ಹೋಗೇಬಿಡ್ತಾರ.
ಹದಿನೈದು ಸೆಕೆಂಡು. ಮುಗೀತು.

‘ಏನ್ ಮಾರಾಕತ್ತಾರ ಇವರು?’
‘ಫ್ರಿಜ್ಜು,’ ಅಂದ್ಲು ಮೈಲಾರೆವ್ವ.
‘ಹಲ್ಲಿನ ಪುಡಿ.’
‘ಇನ್ಶೂರನ್ಸ್ ಇರಬೇಕ ತಗೋ, ಮುದುಕ ಅದಾನಲ್ಲ.’
ಒಂದೊಂದು ಚಹಾದ ಪಂಥ ಕಟ್ಟಿ
ಏಳು ಸಲ ನೋಡಿದಿವಿ, ತೊಟ್ಟು ಮುರಕೋತ.
ಏಳನೇದಕ್ಕ ಮೂಲಂಗಿ ಮ್ಯಾಲ ಖರೇನ ಸಿಟ್ಟು ಬಂತು.
ಅಷ್ಟು ವಯಸ್ಸಿನಂವ ಬಗ್ಗ್ಯಾನ,
ಏನಿದರ ಧಿಮಾಕು!

ಸಂಜಿಗೆ ತೂಕಕ್ಕ ಸಾವಕಾರ ಬಂದ.
ಮೈಲಾರೆವ್ವ ಉಡಿ ಝಾಡಿಸಿ ಎದ್ದು
ಸುಕ್ಕಿನ ಕಾಯೊಂದು ಅವನ ಮಾರಿ ಮುಂದ ಹಿಡದ್ಲು:
‘ಇದರ ಮಾಫಿ ಕೇಳ್ರಿ ಮೊದಲ.
ಹ್ವಾದ ವಾರ ಕಿಲೋಕ್ಕ ರೂಪಾಯಿ ಮುರಕೊಂಡೀರಿ.’
ಗೋದಾಮು ಗಪ್ಪಾತು.
ಆಂವ ನಗಲಿಲ್ಲ, ಬೈಲಿಲ್ಲ.
ಸೀನಿದ.
ಮತ್ತೊಂದು. ಮೂರನೇ ಸೀನಿಗೆ ನಡ ಪೂರಾ ಬಗ್ಗಿತು,
ಟೊಪಗಿ ಮೆಣಸಿನಕಾಯಿ ರಾಶ್ಯಾಗ ಬಿತ್ತು.

ಕಾಯಿ ಒಪ್ಪಿತೋ ಇಲ್ಲೋ ತಿಳೀಲಿಲ್ಲ.
ಚಹಾ ಯಾರು ಕುಡಿಸಬೇಕಂತ
ಇನ್ನೂ ಜಗಳ ನಡದೈತಿ.