ಯಾವ ತಿಂಗಳು ಬರಲಿ ಎಂದು ಕೇಳಿದ್ದೀರಿ

ವಯಾದೊಲಿದ್‌ನ ಹಲ್ಲಿನ ಡಾಕ್ಟರಿಗೆ, ನಮಸ್ಕಾರ.
ಇರುವುದೇ ಒಂದು ವಾರ ರಜೆ,
ಮೀನಿಗೆ ಒಳ್ಳೇ ವಾರ ಆರಿಸಿ ಕೊಡಿ ಎಂದು ಬರೆದಿದ್ದಿರಿ.
ಉತ್ತರ ತಡವಾಯಿತು. ಹುಂಜಗಳಿಗೆ ಹುಷಾರಿರಲಿಲ್ಲ.

ನಾನು ಗಾಳ ಹಾಕಿದವಳಲ್ಲ, ಮೊದಲೇ ಹೇಳಿಬಿಡುತ್ತೇನೆ.
ಮುಳ್ಳಿಗೆ ರೇಷ್ಮೆ ಸುತ್ತಿ, ಹುಂಜದ ಗರಿ ಕಟ್ಟಿ
ಹುಳುವೇ ನಾಚುವಂಥ ಹುಳು ಮಾಡುವವಳು.
ಕುರ್ವೇನ್ಯೊ ಹೊಳೆ ನನ್ನ ಕಿಟಕಿಯ ಕೆಳಗೇ ಹರಿಯುತ್ತದೆ.
ನಲವತ್ತು ವರ್ಷದಲ್ಲಿ ನಾನದಕ್ಕೆ ಇಳಿದದ್ದು
ಎರಡು ಸಲ. ಎರಡೂ ಸಲ ಮೇಕೆ ಹಿಡಿಯಲು.

ಮಾರ್ಚ್ ಕೊನೆಗೆ ಹೊಳೆ ತೆರೆಯುತ್ತದೆ, ಕಾಗದದ ಮೇಲೆ.
ಅಣ್ಣ ಎವುತೀಕ್ಯೊ ಮೊದಲ ದಿನವೇ ಹೊರಡುತ್ತಿದ್ದ,
ಹೊಸ ಬೂಟು ಸಿಕ್ಕ ಹುಡುಗನ ಹಾಗೆ.
ಮೇಲೆ ಹಿಮ ಕರಗಿ ನೀರು
ಹಾಲು ಕರೆದ ಚೊಂಬು ತೊಳೆದ ಹಾಗೆ.
ಮೀನು ತಳದ ಕಲ್ಲಿಗೆ ಹೊಟ್ಟೆಯೊತ್ತಿ ಮಲಗಿರುತ್ತದೆ,
ನೀವು ಆಡಿಸುವ ಗರಿ ಅದರ ಕನಸಿಗೂ ಬೀಳುವುದಿಲ್ಲ.
ನೀರಿಗಿಳಿದ ಮೇಲೆ ಚಳಿಯೇನು ಎನ್ನುತ್ತಾರಲ್ಲ,
ಹಾಗೆಂದವರು ಇಲ್ಲಿ ಮಾರ್ಚಿನಲ್ಲಿ ಇಳಿದವರಲ್ಲ.
ಬರಿಗೈಯಲ್ಲಿ ಬಂದು, ಒಲೆಯ ಬಾಗಿಲಿಗೆ ಪಾದ ಕೊಟ್ಟು
ಕೂತು ನಗುತ್ತಿದ್ದ. ಯಾಕೆಂದು ಕೇಳಿದ್ದಿಲ್ಲ.

ಆಗಸ್ಟ್ ಬೇಡ.
ನೀರು ಸೊರಗಿ ಗಾಜಾಗಿರುತ್ತದೆ,
ಟ್ರೌಟ್ ನಿಮ್ಮ ಅಂಗಿಯ ಗುಂಡಿ ಎಣಿಸುತ್ತದೆ.
ನೆರಳು ಬಿತ್ತೋ, ಅಲ್ಲಿಗೆ ಮುಗಿಯಿತು.

ನನ್ನನ್ನೇ ಕೇಳಿದರೆ ಜನವರಿ.
ನಗಬೇಡಿ. ಹೊಳೆಗೆ ಬೀಗ, ದಾರಿಗೆ ಮಂಜುಗಡ್ಡೆ,
ಆದರೆ ಗರಿಗೆ ಹೊಳಪು ಬರುವುದು ಆಗಲೇ.
ಬಿಷಪ್ ಎಂದು ನಮ್ಮ ಹುಂಜದ ಹೆಸರು,
ನಡಿಗೆ ನೋಡಿ ಇಟ್ಟದ್ದು.
ಅವನನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು
ಬೆನ್ನಿನಿಂದ ಒಂದೊಂದೇ ಕೀಳುತ್ತೇನೆ,
ಕಂದು ಗರಿ, ಮೇಲೆ ಬೆಳಕು ಚೆಲ್ಲಿದಂಥ ಚುಕ್ಕೆ.
ಪ್ರತಿ ಗರಿಗೂ ಒಂದು ಬೈಗುಳ ಬೈಯುತ್ತಾನೆ.
ನಿಮ್ಮ ಜೂನಿನ ಮೀನು ಹುಟ್ಟುವುದು ಅಲ್ಲಿ,
ಅಡುಗೆಮನೆಯಲ್ಲಿ, ನನ್ನ ಮಡಿಲಲ್ಲಿ.

ಹೌದು, ಜೂನ್. ಎಲ್ಲರೂ ಹೇಳುವುದೂ ಅದನ್ನೇ.
ಜೂನಿನ ಮೊದಲ ವಾರ, ಸಂಜೆ, ಮೋಡ ತೆಳ್ಳಗಿದ್ದರೆ
ನೀರಿನ ಮೇಲೆ ಬೂದು ಹುಳುಗಳು ಏಳುತ್ತವೆ,
ಯಾರೋ ಹಿಟ್ಟಿನ ಜರಡಿ ಕೊಡವಿದ ಹಾಗೆ.
ಆಮೇಲೆ ಆ ಸದ್ದು. ತುಟಿ ಚಪ್ಪರಿಸಿದ್ದು,
ಇಲ್ಲೊಂದು, ಕಲ್ಲಿನಾಚೆ ಒಂದು,
ಕತ್ತಲಾಗುವ ತನಕ.
ಕಿಟಕಿ ತೆರೆದಿಟ್ಟು ಕೈಕೆಲಸ ನಿಲ್ಲಿಸುತ್ತೇನೆ.
ಸೇತುವೆಯ ಬಳಿ ಆಗ ಕಾರುಗಳ ಸಾಲು,
ಹೋದ ವರ್ಷ ಡಾಕ್ಟರುಗಳೇ ನಾಲ್ವರಿದ್ದರು.

ಆದರೆ ನೀವು ಮೇ ಮೂರನೇ ವಾರ ಬನ್ನಿ.
ಅದು ಒಳ್ಳೇ ವಾರವಲ್ಲ, ಸುಳ್ಳು ಹೇಳುವುದಿಲ್ಲ.
ಮಳೆ ಹುಯ್ಯಬಹುದು, ನೀರು ಏರಬಹುದು,
ಐದು ದಿನಕ್ಕೆ ಎರಡು ಮೀನು ಸಿಕ್ಕರೆ ಹೆಚ್ಚು.
ಅಣ್ಣನ ಕಣ್ಣಿಗೆ ಈಗ ಪೊರೆ.
ಬೆಳಿಗ್ಗೆ ಎದ್ದವನೇ ನೀರು ಯಾವ ಬಣ್ಣ ಎನ್ನುತ್ತಾನೆ,
ಕಿಟಕಿಯಿಂದ ಬಗ್ಗಿ ನಾನು ಹೇಳುತ್ತೇನೆ,
ಡಬ್ಬಿಯೊಳಗೆ ಬೆರಳಾಡಿಸಿ
ಇವತ್ತಿಗೆ ಇದು ಎಂದು ಒಂದನ್ನು ಎತ್ತಿಕೊಡುತ್ತಾನೆ.
ತಪ್ಪುವುದಿಲ್ಲ ಎಂದು ಮೀನು ಹಿಡಿಯುವವರೇ ಹೇಳುತ್ತಾರೆ.
ಅವನನ್ನು ಹೊಳೆಗೆ ನಡೆಸಿಕೊಂಡು ಹೋಗುವ ಫ್ರೊಯ್ಲಾನ್,
ನನ್ನ ಮಗ, ಆ ವಾರ ಊರಲ್ಲಿರುವುದಿಲ್ಲ.
ನಾನು ತೋಳು ಕೊಟ್ಟರೆ ಅಣ್ಣ ಒಪ್ಪುವುದಿಲ್ಲ,
ಮೇಕೆ ಹಿಡಿದವಳ ಕೈ ಅನ್ನುತ್ತಾನೆ.

ಗಿರಣಿಯ ಕೆಳಗಿನ ಮಡುವಿನವರೆಗೆ ಸಾಕು.
ಇನ್ನೂರು ಹೆಜ್ಜೆ, ಕಲ್ಲು ಜಾರುತ್ತದೆ.
ಅವನು ಮಾತಾಡುತ್ತಾನೆ, ತಾಳಿಕೊಳ್ಳಿ.
ಊಟ, ಮಲಗುವ ಕೋಣೆ, ದುಡ್ಡಿಲ್ಲ.

ಗರಿಹುಳು ಆರು ಇದರೊಳಗಿವೆ, ಲಕೋಟೆ ನಿಧಾನ ಬಿಚ್ಚಿ.
ಅವಕ್ಕೆ ಮಾತ್ರ ಹದಿನೆಂಟು ಯೂರೊ.

ಬೆನೀಲ್ದೆ